ಮೂರು ಅಂಕದ ಪ್ರಶ್ನೆ

ಮೂವತ್ತಮೂರು ವರ್ಷ ಗಣಿತ ಕಲಿಸಿದೆ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ವಾಸ್ತವ ಸಂಖ್ಯೆ ಎಂದರೆ ಏನು ಎಂಬುದು ನನಗೇ ಗೊತ್ತಿರಲಿಲ್ಲ. ಈಗಷ್ಟೇ ನೇಮಕಾತಿ ಆದೇಶದ ಪ್ರತಿ ಕೈಗೆ ಬಂದು, ಯಾವುದೋ ಹಳ್ಳಿಯ ಹೈಸ್ಕೂಲಿಗೆ ಹಾಜರಾಗಲು ಹೊರಟಿರುವ ನಿಮಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಯಾವಾಗ ಬಡ್ತಿ ಪಡೆದೆ, ಯಾರು ಶಾಲು ಹೊದಿಸಿದರು ಎಂಬುದರಿಂದ ನಿಮಗೇನೂ ಆಗಬೇಕಾಗಿಲ್ಲ. ನಾನು ಮಾಡಿದ ತಪ್ಪುಗಳಿಂದ ಏನಾದರೂ ಆದೀತು.

ಮೊದಲು ಕುಷ್ಟಗಿ ತಾಲೂಕಿನಲ್ಲಿದ್ದೆ. ವೃತ್ತದ ಲೆಕ್ಕ ಮಾಡಿಸುವಾಗ ಪೈ ಬೆಲೆ ಇಪ್ಪತ್ತೆರಡು ಭಾಗಿಸು ಏಳು ಎಂದು ಬೋರ್ಡಿನ ಮೂಲೆಯಲ್ಲಿ ಬರೆದು ಸುತ್ತ ಚೌಕ ಹಾಕುತ್ತಿದ್ದೆ. ಒಮ್ಮೆ ವಿಷಯ ಪರಿವೀಕ್ಷಕರು ಬಂದರು. ತರಗತಿಯ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತವರು ನಡುವೆ ಎದ್ದು ಒಬ್ಬ ವಿದ್ಯಾರ್ಥಿನಿಯನ್ನು ಕೇಳಿದರು.

“ಪೈ ಭಾಗಲಬ್ಧ ಸಂಖ್ಯೆನೋ, ಅಭಾಗಲಬ್ಧನೋ?”

ಎರಡು ಪೂರ್ಣಾಂಕಗಳ ಭಾಗಾಕಾರವಾಗಿ ಬರೆಯಲು ಬರುವುದು ಭಾಗಲಬ್ಧ, ಬಾರದ್ದು ಅಭಾಗಲಬ್ಧ ಎಂದು ನಾನೇ ಹೇಳಿಕೊಟ್ಟಿದ್ದೆ. ಹುಡುಗಿ ಬೋರ್ಡಿನ ಮೂಲೆ ನೋಡಿ, “ಭಾಗಲಬ್ಧ ರೀ ಸರ್,” ಎಂದಳು. ನನ್ನ ಪಾಠವನ್ನು ಇಷ್ಟು ಸರಿಯಾಗಿ ಕೇಳಿದವರು ಇನ್ನೊಬ್ಬರಿರಲಿಲ್ಲ. ಪರಿವೀಕ್ಷಕರು ನನ್ನ ಕಡೆ ನೋಡಿದರು. ನಾನು, ಮರ್ಯಾದೆ ಉಳಿಸಿಕೊಳ್ಳಲು, ಆಕೆಯ ಅಂಗೈಗೆ ಸ್ಕೇಲಿನಿಂದ ಒಂದು ಕೊಟ್ಟೆ. ಇಪ್ಪತ್ತೆರಡು ಭಾಗಿಸು ಏಳು ಪೈ ಅಲ್ಲ, ಪೈಗೆ ಹತ್ತಿರದ್ದು ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತು ನನ್ನ ಬಾಯಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಇದು ಸಣ್ಣದು. ದೊಡ್ಡದನ್ನು ಹೇಳುತ್ತೇನೆ.

ಯಲಬುರ್ಗಾ ಕಡೆಯ ಒಂದು ಊರಿಗೆ ವರ್ಗವಾಗಿ ಹೋದೆ. ಊರಿನ ಹೆಸರು ಬೇಡ. ಇಟಗಿಯಿಂದ ಇನ್ನೂ ಒಳಗೆ ಹೋಗಬೇಕು, ದಿನಕ್ಕೆ ಮೂರು ಬಸ್ಸು. ನಾನು ಹೋದ ಮರುವರ್ಷ ಹತ್ತನೆಯ ತರಗತಿಯ ಪುಸ್ತಕ ಬದಲಾಯಿತು. ಹೊಸ ಪುಸ್ತಕದಲ್ಲಿ ವಾಸ್ತವ ಸಂಖ್ಯೆಗಳು ಎಂಬ ಪಾಠ. ಬಿ.ಎಸ್ಸಿ.ಯಲ್ಲಿ ಅದನ್ನು ನಾನು ಓದಿದ್ದೆ, ಅಂದರೆ ಉರು ಹೊಡೆದಿದ್ದೆ. ತರಗತಿಗೆ ಹೋಗಿ ಹೀಗೆ ಬರೆಸಿದೆ: ಸಂಖ್ಯಾರೇಖೆಯ ಮೇಲಿರುವ ಸಂಖ್ಯೆಗಳೆಲ್ಲ ವಾಸ್ತವ ಸಂಖ್ಯೆಗಳು. ಆಮೇಲೆ ಸಂಖ್ಯಾರೇಖೆ ಎಂದರೇನು ಎಂದು ಯಾರೋ ಕೇಳಿದಾಗ, ವಾಸ್ತವ ಸಂಖ್ಯೆಗಳನ್ನು ಗುರುತಿಸುವ ರೇಖೆ ಎಂದೆ. ಮಕ್ಕಳು ಎರಡನ್ನೂ ಬರೆದುಕೊಂಡರು. ಅವೆರಡೂ ಒಂದರ ಸುತ್ತ ಒಂದು ತಿರುಗುತ್ತಿವೆ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆ ತರಗತಿಯಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಇದ್ದಳು. ಹತ್ತಿಬೀಜ ಬೆಳೆಸುವ ಪ್ಲಾಟುಗಳಲ್ಲಿ ಹೂವಿಗೆ ಹೂ ಮುಟ್ಟಿಸಿ ಕ್ರಾಸ್ ಮಾಡುವ ದಿನಗಳು ಬಂದರೆ ತಾಯಿಯ ಜೊತೆ ಕೂಲಿಗೆ ಹೋಗಿಬಿಡುತ್ತಿದ್ದಳು, ವಾರಗಟ್ಟಲೆ ಪತ್ತೆ ಇರುತ್ತಿರಲಿಲ್ಲ. ಬಂದಾಗ ಗೋಡೆಯ ಬದಿಗೆ ಕೂತು ಬೋರ್ಡನ್ನು ನೋಡುವ ರೀತಿಯೇ ಬೇರೆ. ಬರೆದುಕೊಳ್ಳುವುದಕ್ಕಿಂತ ನೋಡುವುದೇ ಹೆಚ್ಚು. ಅದು ನನಗೆ ಸೇರುತ್ತಿರಲಿಲ್ಲ.

ಒಂದು ದಿನ ಎರಡರ ವರ್ಗಮೂಲವನ್ನು ರೇಖೆಯ ಮೇಲೆ ತೋರಿಸುತ್ತಿದ್ದೆ. ಒಂದು ಪಾಯಿಂಟ್ ನಾಲ್ಕನ್ನು ಅದರಿಂದಲೇ ಗುಣಿಸಿದರೆ ಎರಡಕ್ಕಿಂತ ಕಡಿಮೆ, ಒಂದು ಪಾಯಿಂಟ್ ಐದನ್ನು ಗುಣಿಸಿದರೆ ಹೆಚ್ಚು. ಹಾಗಾಗಿ ಅವೆರಡರ ನಡುವೆ. ಮುಂದೆ ಒಂದು ಪಾಯಿಂಟ್ ನಾಲ್ಕು ಒಂದು, ಒಂದು ಪಾಯಿಂಟ್ ನಾಲ್ಕು ಎರಡು. ಇವುಗಳ ನಡುವೆ. ಹೀಗೆ ಹೋಗುತ್ತಲೇ ಇರಬಹುದು, ಯಾವ ದಶಮಾಂಶಕ್ಕೂ ಮುಗಿಯುವುದಿಲ್ಲ ಎಂದೆ. ಹುಲಿಗೆಮ್ಮ ಎದ್ದು ನಿಂತಳು.

“ಸರ್, ಈ ಕಡಿಂದ ಬರಾಕತ್ತೇವಿ, ಆ ಕಡಿಂದ ಬರಾಕತ್ತೇವಿ. ಎಂದೂ ಮುಟ್ಟೂದಿಲ್ಲ ಅಂತೀರಿ. ಹಂಗಾದ್ರ ನಡುವ ಏನೋ ಐತಿ ಅಂತ ಹೆಂಗ ಹೇಳೂದ್ರಿ? ಬರೇ ತೂತು ಇದ್ರ?”

ತರಗತಿ ನಕ್ಕಿತು. ನಾನೂ ನಕ್ಕೆ.

“ಪರೀಕ್ಷಾಕ್ಕ ಬರೂದಿಲ್ಲ ಅದು. ಕುಂದ್ರು,” ಎಂದೆ.

ಕೂತಳು. ಆದರೆ ಪೀರಿಯಡ್ ಮುಗಿಯುವವರೆಗೂ ಬೋರ್ಡಿನ ಮೇಲಿನ ಆ ಗೆರೆಯನ್ನೇ ನೋಡುತ್ತಿದ್ದಳು.

ಪೂರ್ವಸಿದ್ಧತಾ ಪರೀಕ್ಷೆ ಬಂತು. ಆ ವರ್ಷ ಗಂಗಾವತಿಯ ಒಂದು ಖಾಸಗಿ ಕಾಲೇಜಿನವರು ಸುತ್ತಲಿನ ಸರ್ಕಾರಿ ಶಾಲೆಗಳಿಂದ ಒಬ್ಬೊಬ್ಬರನ್ನು ಆರಿಸಿ ಪಿಯುಸಿ ವಿಜ್ಞಾನಕ್ಕೆ ಊಟ ವಸತಿ ಸಹಿತ ಉಚಿತವಾಗಿ ಸೇರಿಸಿಕೊಳ್ಳುತ್ತೇವೆ ಎಂದು ಬರೆದಿದ್ದರು. ಪೂರ್ವಸಿದ್ಧತೆಯ ಗಣಿತದಲ್ಲಿ ಯಾರು ಮುಂದೋ ಅವರ ಹೆಸರು ಕಳಿಸುವುದೆಂದು ನಮ್ಮ ಹೆಡ್‌ಮಾಸ್ತರು ತರಗತಿಯಲ್ಲೇ ಹೇಳಿದ್ದರು.

ಎರಡರ ವರ್ಗಮೂಲ ಅಭಾಗಲಬ್ಧ ಎಂದು ಸಾಧಿಸಿ ಎಂಬುದು ಮೂರು ಅಂಕದ ಪ್ರಶ್ನೆ. ಪುಸ್ತಕದ ಸಾಧನೆಯನ್ನು ನಾನು ಒಂದು ವಾರ ದಿನಾ ಬರೆಸಿದ್ದೆ. ಶರಣಬಸವ ಎಂಬ ಹುಡುಗ ಅದನ್ನು ಅಲ್ಪವಿರಾಮ ಸಹಿತ ಬರೆದಿದ್ದ. ಹುಲಿಗೆಮ್ಮ ಬೇರೆ ಏನೋ ಬರೆದಿದ್ದಳು. ಆ ವಾರವೆಲ್ಲ ಆಕೆ ಪ್ಲಾಟಿನಲ್ಲಿದ್ದಳು. ಪುಸ್ತಕದ ದಾರಿ ಆಕೆಗೆ ಗೊತ್ತಿರಲಿಲ್ಲ, ತನ್ನದೇ ದಾರಿ ಹುಡುಕಿಕೊಂಡಿದ್ದಳು.

ಆಕೆ ಬರೆದದ್ದು ಇಷ್ಟು. ಎರಡರ ವರ್ಗಮೂಲ ಭಿನ್ನರಾಶಿಯಾದರೆ, ಮೇಲಿನ ಸಂಖ್ಯೆಯ ವರ್ಗವು ಕೆಳಗಿನದರ ವರ್ಗದ ಎರಡರಷ್ಟು ಇರಬೇಕು. ಯಾವ ಸಂಖ್ಯೆಯ ವರ್ಗವಾದರೂ ಕೊನೆಗೆ ಸೊನ್ನೆ, ಒಂದು, ನಾಲ್ಕು, ಐದು, ಆರು, ಒಂಬತ್ತು, ಇವುಗಳಲ್ಲೇ ಮುಗಿಯಬೇಕು. ವರ್ಗದ ಎರಡರಷ್ಟು ಎಂದರೆ ಸೊನ್ನೆ, ಎರಡು, ಎಂಟರಲ್ಲಿ ಮುಗಿಯಬೇಕು. ಎರಡೂ ಒಂದೇ ಆಗಬೇಕಾದರೆ ಕೊನೆಯ ಅಂಕಿ ಸೊನ್ನೆಯೊಂದೇ. ಹಾಗಾದರೆ ಮೇಲಿನದು ಸೊನ್ನೆಯಲ್ಲಿ ಮುಗಿಯುತ್ತದೆ, ಕೆಳಗಿನದು ಸೊನ್ನೆಯಲ್ಲೋ ಐದರಲ್ಲೋ ಮುಗಿಯುತ್ತದೆ, ಎರಡನ್ನೂ ಐದರಿಂದ ಭಾಗಿಸಬಹುದು. ಆದರೆ ಭಿನ್ನರಾಶಿಯನ್ನು ಇನ್ನು ಸಂಕ್ಷೇಪಿಸಲು ಬರುವುದಿಲ್ಲ ಎಂಬಲ್ಲಿಯವರೆಗೆ ಮೊದಲೇ ಸಂಕ್ಷೇಪಿಸಿ ಆಗಿದೆ. ಆದ್ದರಿಂದ ಅಂಥ ಭಿನ್ನರಾಶಿ ಇಲ್ಲ.

ನಾನು ಎರಡು ಸಾಲು ಓದಿ, ಪುಸ್ತಕದ್ದಲ್ಲ ಎಂದು ಕೆಂಪು ಗೆರೆ ಎಳೆದು ಸೊನ್ನೆ ಹಾಕಿದೆ. ಶರಣಬಸವನಿಗೆ ಎಪ್ಪತ್ತಮೂರು ಬಂತು, ಹುಲಿಗೆಮ್ಮನಿಗೆ ಎಪ್ಪತ್ತೊಂದು.

ಉತ್ತರಪತ್ರಿಕೆ ಕೊಟ್ಟ ದಿನ ಆಕೆ ಸ್ಟಾಫ್‌ರೂಮಿನ ಬಾಗಿಲಿಗೆ ಬಂದಳು.

“ಸರ್, ಇದರಾಗ ತಪ್ಪು ಎಲ್ಲಿ ಐತ್ರಿ?”

“ಪುಸ್ತಕದಾಗ ಹಿಂಗ ಐತೇನು?”

“ಇಲ್ರಿ. ಆದ್ರ ತಪ್ಪು ಎಲ್ಲಿ ಐತಿ ಅಂತ ತೋರಿಸ್ರಿ ಸರ್, ತಿದ್ಕೋತೀನಿ.”

“ಪುಸ್ತಕದಾಗ ಇಲ್ಲ ಅನ್ನೂದ ತಪ್ಪು. ಮಾಸ್ತರ ಜೋಡಿ ವಾದ ಮಾಡಬ್ಯಾಡ. ಹೋಗು.”

ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಅಳಲಿಲ್ಲ.

ಅದು ಮೇಜಿನ ಮೇಲೆ ಎರಡು ದಿನ ಬಿದ್ದಿತ್ತು. ಮೂರನೆಯ ದಿನ ಪೀರಿಯಡ್ ಖಾಲಿ ಇದ್ದಾಗ, ತಪ್ಪು ಹುಡುಕಿ ತೋರಿಸಿಯೇ ಬಿಡೋಣ ಎಂದು ಕೂತೆ. ಒಂದೊಂದು ಸಾಲಿಗೂ ಹಾಳೆಯ ಮೇಲೆ ಲೆಕ್ಕ ಮಾಡಿ ನೋಡಿದೆ. ತಪ್ಪು ಸಿಗಲಿಲ್ಲ. ಮತ್ತೆ ಮೊದಲಿನಿಂದ ನೋಡಿದೆ. ಕೊನೆಗೆ, ಆಕೆ ಬರೆದದ್ದು ಸರಿ ಎಂಬುದಷ್ಟೇ ಅಲ್ಲ, ಪುಸ್ತಕದ ಸಾಧನೆ ಏನು ಹೇಳುತ್ತದೆ ಎಂಬುದು ನನಗೆ ಆಕೆಯ ಸಾಧನೆಯಿಂದ ಮೊದಲ ಸಲ ತಿಳಿಯಿತು.

ಹೆಸರು ಇನ್ನೂ ಕಳಿಸಿರಲಿಲ್ಲ. ಪತ್ರಿಕೆ ಹಿಡಿದು ಹೆಡ್‌ಮಾಸ್ತರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ಶಾಲೆಗೆ ಎರಡು ಕೋಣೆ ಕಟ್ಟಿಸಲು ಕಚೇರಿ ಕಚೇರಿ ಅಲೆದವರು. ನನ್ನ ಮಾತನ್ನು ಪೂರ್ತಿ ಕೇಳಿದರು.

“ಮಾಸ್ತರ, ಅಂಕ ಮಕ್ಕಳಿಗೆ ಓದಿ ಹೇಳಿ ಆಗೈತಿ. ಶರಣಬಸವನ ಅಪ್ಪ ನಮ್ಮ ಸಾಲಿ ಎಸ್‌ಡಿಎಂಸಿ ಮೆಂಬರ್ ಅದಾರ. ಈಗ ತಿದ್ದಿದ್ರ ಊರಾಗ ಏನಂತಾರ? ನಿಮ್ಮ ಗಣಿತದ ಮಾಸ್ತರಗ ಗಣಿತ ಬರೂದಿಲ್ಲ ಅಂತಾರ. ಮತ್ತ ಆ ಹುಡುಗಿ ವಾರಗಟ್ಟಲೆ ಕೂಲಿಗೆ ಹೋಗ್ತಾಳ. ಅಲ್ಲಿ ಹೋಗಿ ಓದ್ತಾಳಂತ ಏನು ಗ್ಯಾರಂಟಿ? ನಿಮ್ಮ ಮ್ಯಾಲೆ ಬಿಟ್ಟೀನಿ. ಹೆಂಗ ಹೇಳ್ತೀರಿ ಹಂಗ.”

ನನ್ನ ಮೇಲೆ ಬಿಟ್ಟರು. ಇದನ್ನು ಗಮನಿಸಿ. ಅವರು ಬೇಡವೆನ್ನಲಿಲ್ಲ. ಗಣಿತದ ಮಾಸ್ತರನಿಗೆ ಗಣಿತ ಬರುವುದಿಲ್ಲ ಎಂಬ ಮಾತು ನನ್ನ ಕಿವಿಯಲ್ಲಿ ನಿಂತಿತು. “ಇರ್ಲಿ ಬಿಡ್ರಿ ಸರ್,” ಎಂದು ಪತ್ರಿಕೆ ಮಡಚಿಕೊಂಡು ಬಂದೆ. ಮರುದಿನ ಶರಣಬಸವನ ಹೆಸರು ಹೋಯಿತು.

ಹೊಸ ಪುಸ್ತಕಕ್ಕೆ ನಮಗೆ ತರಬೇತಿ ಬಂದದ್ದು ಆ ವರ್ಷದ ಪರೀಕ್ಷೆ ಮುಗಿದ ಮೇಲೆ, ಬೇಸಿಗೆಯಲ್ಲಿ, ಗಂಗಾವತಿಯಲ್ಲಿ. ಸತ್ಯನಾರಾಯಣ ಎಂಬ ನಿವೃತ್ತ ಉಪನ್ಯಾಸಕರನ್ನು ಕರೆಸಿದ್ದರು. ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ, ಹುಡುಗಿಯ ಹೆಸರು ಹೇಳದೆ, ತೂತಿನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಉಣ್ಣುವುದನ್ನು ನಿಲ್ಲಿಸಿದರು.

“ಯಾವ ಕ್ಲಾಸಿನ ಹುಡುಗಿ ಅಂದ್ರಿ?”

“ಹತ್ತನೇದು ಸರ್.”

“ಭಿನ್ನರಾಶಿಗಳನ್ನಷ್ಟೇ ಗೆರೆ ಮೇಲೆ ಇಟ್ಟರೆ ಅಲ್ಲಿ ತೂತೇ ಇರ್ತದ್ರಿ ಮಾಸ್ತರೆ. ಎಷ್ಟು ಒತ್ತೊತ್ತಾಗಿ ಇಟ್ಟರೂ ಇರ್ತದೆ. ಎರಡು ಕಡೆಯಿಂದ ಬಿಗಿಯಾಗ್ತಾ ಬಂದ ಜಾಗದಲ್ಲೆಲ್ಲ ಒಂದು ಸಂಖ್ಯೆ ಇದ್ದೇ ಇದೆ ಅಂತ ಒಪ್ಪಿಕೊಂಡು, ಆ ತೂತುಗಳನ್ನೆಲ್ಲ ಮುಚ್ಚಿದ ಮೇಲೆ ಸಿಗೋದೇ ವಾಸ್ತವ ಸಂಖ್ಯೆ. ದೊಡ್ಡ ದೊಡ್ಡವರಿಗೆ ಅದನ್ನು ಸರಿಯಾಗಿ ಹೇಳೋಕೆ ಎಷ್ಟೋ ಕಾಲ ಹಿಡೀತು. ಆ ಹುಡುಗಿ ಕೇಳಿದ್ದೇ ಪಾಠ ಆಗಿತ್ತಲ್ರೀ. ನೀವೇನು ಹೇಳಿದ್ರಿ?”

“ಮುಂದ ನೋಡೋಣು ಅಂದೆ ಸರ್,” ಎಂದು ಸುಳ್ಳು ಹೇಳಿದೆ.

ತಟ್ಟೆಯನ್ನು ಹಾಗೇ ಇಟ್ಟು ಕೈ ತೊಳೆದುಕೊಂಡೆ. ಅಲ್ಲಿಂದ ನೇರ ಆಕೆಯ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ತರಬೇತಿ ಮುಗಿಸಿ ನನ್ನ ಮನೆಯ ಕಡೆಯ ಬಸ್ಸು ಹತ್ತಿದೆ.

ಶರಣಬಸವ ದಸರಾ ರಜೆಗೆ ಊರಿಗೆ ಬಂದವನು ಮತ್ತೆ ಗಂಗಾವತಿಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ತಲೆ ಎತ್ತದೆ ಹೇಳಿದ: “ಅಲ್ಲಿ ಯಾವುದೂ ನೋಟ್ಸಿನಾಗ ಇದ್ದಂಗ ಬರೂದಿಲ್ರಿ ಸರ್. ಲೆಕ್ಕ ತಿರುವಿ ಕೇಳ್ತಾರ. ನನಗ ತಿಳಿವಲ್ದು.” ಅವನದೇನು ತಪ್ಪು? ನಾನು ಕೊಟ್ಟದ್ದನ್ನು ಹಾಗೆಯೇ ಹಿಂದಕ್ಕೆ ಕೊಟ್ಟಿದ್ದ, ಅದಕ್ಕೆ ನಾನೇ ಅಂಕ ಹಾಕಿದ್ದೆ. ಹೀಗೆ ಒಂದು ಸೊನ್ನೆಯಿಂದ ಇಬ್ಬರ ದಾರಿ ತಪ್ಪಿಸಿದೆ. ಹುಲಿಗೆಮ್ಮ ಕುಕನೂರಿನಲ್ಲಿ ಆರ್ಟ್ಸ್ ಸೇರಿದಳು ಎಂದು ಕೇಳಿದೆ. ಆಮೇಲೆ ಬಿಟ್ಟಳು ಎಂದೂ ಕೇಳಿದೆ.

ಮುಂದೆ ಕೊಪ್ಪಳಕ್ಕೆ ಬಂದೆ. ಕಾಲ ಬದಲಾಯಿತು. ಸೀಮೆಸುಣ್ಣ ಹೋಗಿ ಗೋಡೆಯ ಮೇಲೆ ಪರದೆ ಬಂತು. ಗುಂಡಿ ಒತ್ತಿದರೆ ಬಣ್ಣದ ಸಂಖ್ಯಾರೇಖೆ ತಾನೇ ಹಿಗ್ಗಿ ಒಂದು ಪಾಯಿಂಟ್ ನಾಲ್ಕು ಒಂದು ನಾಲ್ಕು ತೋರಿಸುತ್ತಿತ್ತು. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ. ಫಲಿತಾಂಶ ಏರಿಸಬೇಕೆಂದು, ಪಾಸಾಗುವಷ್ಟನ್ನೇ ಉರು ಹೊಡೆಸುವ ಪಾಸಿಂಗ್ ಪ್ಯಾಕೇಜ್ ಬಂತು. ಅದರಲ್ಲಿ ಎರಡರ ವರ್ಗಮೂಲದ ಸಾಧನೆಯನ್ನು ಎಂಟು ಸಾಲಿಗೆ ಇಳಿಸಿ ಬರೆದುಕೊಟ್ಟವನು ನಾನೇ. ಒಮ್ಮೆ ಮೌಲ್ಯಮಾಪನಕ್ಕೆ ಹೋದಾಗ ಯಾರದೋ ಪತ್ರಿಕೆಯಲ್ಲಿ ಬೇರೆ ದಾರಿಯ ಸಾಧನೆ ಸಿಕ್ಕಿತು. ಹುಲಿಗೆಮ್ಮನದಲ್ಲ, ಇನ್ನೊಂದು ಬಗೆಯದು, ಆದರೆ ಸರಿಯಾದದ್ದು. ಪೂರ್ತಿ ಅಂಕ ಕೊಡಬೇಕೆಂದು ಮೇಲಿನವರ ಮುಂದೆ ಬಹಳ ಹೊತ್ತು ವಾದಿಸಿದೆ. ಅವರು ಕೊಟ್ಟರು. ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡೆ. ನನಗೆ ಯಾವ ನೆಮ್ಮದಿಯೂ ಆಗಲಿಲ್ಲ.

ಕೊನೆಯ ವರ್ಷಗಳಲ್ಲಿ ಆ ಪಾಠವನ್ನು ಬೇರೆ ರೀತಿ ಮಾಡಿದೆ. ನೆಲದ ಒಂದು ಅಡಿ ಚೌಕದ ಹಾಸುಗಲ್ಲಿನ ಮೂಲೆಯಿಂದ ಮೂಲೆಗೆ ದಾರ ಹಿಡಿಸಿ, ಕತ್ತರಿಸಿ, ಅಡಿಗೊಂದು ಗುರುತು ಹಾಕಿದ ಗೆರೆಯ ಮೇಲೆ ಮಲಗಿಸಲು ಹೇಳುತ್ತಿದ್ದೆ. ದಾರ ಎಲ್ಲೋ ಒಂದು ಕಡೆ ಮುಗಿಯುತ್ತದೆ. ಮುಗಿದ ಜಾಗಕ್ಕೆ ಭಿನ್ನರಾಶಿಯಲ್ಲಿ ಹೆಸರಿಲ್ಲ. ಹೆಸರಿಲ್ಲವೆಂದು ದಾರ ಇಲ್ಲವೆನ್ನಲು ಬರುತ್ತದೆಯೇ? ಅಂಥ ಜಾಗಗಳಿಗೂ ಸಂಖ್ಯೆಯ ಮರ್ಯಾದೆ ಕೊಟ್ಟಾಗ ಗೆರೆ ಪೂರ್ತಿಯಾಗುತ್ತದೆ ಎಂದು ಹೇಳುತ್ತಿದ್ದೆ. ಕೆಲವರ ಕಣ್ಣಲ್ಲಿ ಬೆಳಕು ಬರುತ್ತಿತ್ತು. ಆಗೆಲ್ಲ ಗೋಡೆಯ ಬದಿಯ ಸಾಲನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಭಾಗ್ಯನಗರದ ಕಡೆ ಮನೆ ಮಾಡಿದೆ. ಕಳೆದ ವರ್ಷ ಒಂದು ಬೆಳಿಗ್ಗೆ ಕಿರಾಣಿ ಅಂಗಡಿಯ ಮುಂದೆ ನಿಂತಿದ್ದಾಗ ಹಿಂದಿನಿಂದ ದನಿ ಬಂತು.

“ನಮಸ್ಕಾರ್ರೀ ಸರ್. ಗುರುತು ಸಿಕ್ಕಿತೇನ್ರಿ?”

ಹುಲಿಗೆಮ್ಮ. ವಿಗ್ಗಿಗೆ ಹೋಗುವ ಕೂದಲು ವಿಂಗಡಿಸುವ ಶೆಡ್ಡೊಂದರಲ್ಲಿ ಕೆಲಸ, ಅದೇ ಓಣಿಯ ಕೊನೆಗೆ. ಗಂಡ ಟಂಟಂ ಆಟೋ ಓಡಿಸುತ್ತಾನಂತೆ. “ಬರ್ರಿ ಸರ್, ಚಹಾ ಕುಡಿದು ಹೋಗೂರಂತ,” ಎಂದು ಕರೆದುಕೊಂಡು ಹೋದಳು. ಒಳಗೆ ಹೆಂಗಸರು ನೆಲದ ಮೇಲೆ ಸಾಲಾಗಿ ಕೂತು, ಮೊಳೆ ಹಲ್ಲಿನ ದೊಡ್ಡ ಬಾಚಣಿಗೆಯಲ್ಲಿ ಕೂದಲು ಎಳೆದು, ಉದ್ದ ನೋಡಿ ಬೇರೆ ಬೇರೆ ಕಟ್ಟು ಕಟ್ಟುತ್ತಿದ್ದರು. ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ತಾನು ಕೆಳಗೆ ಕೂತು ಕೆಲಸ ಮುಂದುವರಿಸಿದಳು.

“ನಮ್ಮ ಸಾಲಿ ಸರ್ ಇವರು,” ಎಂದು ಪಕ್ಕದವಳಿಗೆ ಹೇಳಿದಳು. “ತೂತು ಐತೇನ್ರಿ ಅಂತ ಕೇಳಿ ಬೈಸ್ಕೊಂಡಿದ್ದೆ.”

ನನಗೆ ತಡೆಯಲಾಗಲಿಲ್ಲ. ಗಂಗಾವತಿಯಲ್ಲಿ ಕೇಳಿದ್ದನ್ನು ಪೂರ್ತಿ ಹೇಳಿದೆ. ತೂತು ಇರುವುದು ನಿಜ, ಅದನ್ನು ಮುಚ್ಚಿದ್ದೇ ವಾಸ್ತವ ಸಂಖ್ಯೆ ಎಂದೆ. ಆಕೆಯ ಕೈ ಕೂದಲಿನಲ್ಲೇ ನಿಂತಿತು.

“ಹಂಗಾದ್ರ ನಾ ಕೇಳಿದ್ದು ಹುಚ್ಚು ಪ್ರಶ್ನಿ ಅಲ್ಲ?”

“ಅಲ್ಲವ್ವಾ. ಅದಕ್ಕಿಂತ ಛಲೋ ಪ್ರಶ್ನಿ ನನಗ ಯಾರೂ ಕೇಳಿಲ್ಲ.”

ನಕ್ಕಳು. ಹತ್ತನೆಯ ತರಗತಿಯಲ್ಲಿ ನಾನು ಒಮ್ಮೆಯೂ ನೋಡದಿದ್ದ ನಗು. ಆಮೇಲೆ ತಾನಾಗಿಯೇ ಹೇಳಿದಳು.

“ನನ್ನ ಲೆಕ್ಕಕ್ಕ ಸೊನ್ನಿ ಹಾಕಿದ್ರಲ್ರಿ, ಆ ಲೆಕ್ಕಾನೂ ಸರಿ ಇತ್ತು. ನನಗ ಗೊತ್ತಿತ್ತು. ಭಾಳ ದಿನ ಸಿಟ್ಟು ಇತ್ರಿ. ಆಮ್ಯಾಲೆ ವಿಚಾರ ಮಾಡಿದೆ, ಪುಸ್ತಕ ಹೊಸಾದು, ಸರ್‌ಗೂ ಹೊಸಾದು. ಅವರಿಗೆ ತಿಳಿಲಿಲ್ಲ. ತಿಳೀಲಾರದ್ದಕ್ಕ ಯಾರ ಮ್ಯಾಲೆ ಸಿಟ್ಟು ಮಾಡೂದು ಅಂತ ಬಿಟ್ಟಬಿಟ್ಟೆ.”

ಚಹಾ ಬಂತು. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಆಕೆ ನನ್ನನ್ನು ಕ್ಷಮಿಸಿದ್ದು ನಾನು ಮಾಡದ ತಪ್ಪಿಗೆ. ಮಾಡಿದ ತಪ್ಪು ಆಕೆಗೆ ಗೊತ್ತೇ ಇರಲಿಲ್ಲ.

“ತಿಳಿದಿತ್ತು, ಹುಲಿಗೆಮ್ಮಾ,” ಎಂದೆ. “ನೀ ಪೇಪರ್ ಇಟ್ಟು ಹೋದ ಮೂರನೇ ದಿನಕ್ಕ ತಿಳಿದಿತ್ತು.”

“ಹೆಸರು ಕಳಿಸಿದ ಮ್ಯಾಲೇನ್ರಿ?”

“ಕಳಿಸೂಕಿಂತ ಮೊದಲ. ಹೆಡ್‌ಮಾಸ್ತರು ನನ್ನ ಮ್ಯಾಲೆ ಬಿಟ್ಟಿದ್ರು. ನಾನ ಇರ್ಲಿ ಬಿಡ್ರಿ ಅಂದೆ.”

ಪಕ್ಕದ ಹೆಂಗಸರ ಬಾಚಣಿಗೆಗಳ ಸದ್ದು ನಡೆದೇ ಇತ್ತು. ಹುಲಿಗೆಮ್ಮ ಕೈಯಲ್ಲಿದ್ದ ಕೂದಲ ಕಟ್ಟಿಗೆ ದಾರ ಸುತ್ತಿ ಗಂಟು ಹಾಕಿದಳು. ಅದನ್ನು ಅದರ ಜಾಗದಲ್ಲಿ ಇಟ್ಟಳು.

“ಇದನ್ನ ನೀವು ನನಗ ಹೇಳಬಾರದಿತ್ರಿ ಸರ್,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾ ಹೆಂಗೋ ಸಮಾಧಾನ ಮಾಡ್ಕೊಂಡಿದ್ದೆ.”

ಚಹಾ ಅರ್ಧ ಬಿಟ್ಟು ಎದ್ದೆ. ಬಾಗಿಲವರೆಗೂ ಬಂದು ಕಳಿಸಿದಳು, ಮರ್ಯಾದೆ ಬಿಡಲಿಲ್ಲ. ಕಣ್ಣು ಮಾತ್ರ ನನ್ನ ಕಡೆ ತಿರುಗಲಿಲ್ಲ.

ಹೊಸದಾಗಿ ಕೆಲಸಕ್ಕೆ ಬಂದವರೇ, ನಿಮಗೆ ತಿಳಿಯದ ಪ್ರಶ್ನೆಗಳು ಬರುತ್ತವೆ. ತಿಳಿಯದೆಂದು ಹೇಳಿದರೆ ಮಕ್ಕಳು ಎರಡು ದಿನ ನಕ್ಕು ಮರೆಯುತ್ತಾರೆ. ಹಾಕಿದ ಸೊನ್ನೆ ತಪ್ಪೆಂದು ಗೊತ್ತಾದರೆ ಆ ದಿನವೇ ಹೋಗಿ ತಿದ್ದಿ, ತರಗತಿಯ ಎದುರಿಗೆ ತಿದ್ದಿ. ತಡವಾಗಿ ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ನಾನೂ ನಂಬಿದ್ದೆ. ನನ್ನ ಭಾರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಆಕೆಯ ಮೇಲೆ ಹೊಸದೊಂದು ಹೊರಿಸಿ ಬಂದೆ.

ಒಂದು ತಿಂಗಳ ಮೇಲೆ ಮತ್ತೆ ಹೋದೆ. ಪಿಯುಸಿ ಗಣಿತದ ಪುಸ್ತಕವೊಂದನ್ನು ಕೊಂಡು ಒಯ್ದಿದ್ದೆ. ಅದನ್ನು ಆಕೆ ಏನು ಮಾಡಿಯಾಳು ಎಂದು ಯೋಚಿಸಿರಲಿಲ್ಲ, ಬರಿಗೈಯಲ್ಲಿ ಹೋಗಲು ಆಗಲಿಲ್ಲ ಅಷ್ಟೆ. ಬಾಗಿಲಲ್ಲಿ ಒಬ್ಬ ಹೆಂಗಸು ತಡೆದು ನಿಂತಳು.

“ಅಕ್ಕ ಇಲ್ರಿ. ಇವತ್ತು ಬಂದಿಲ್ಲ.”

ಒಳಗಿನಿಂದ ಹುಲಿಗೆಮ್ಮನ ದನಿ ಕೇಳುತ್ತಿತ್ತು. ಯಾರಿಗೋ ಕಟ್ಟು ಬಿಗಿಯಾಗಿ ಕಟ್ಟಲು ಹೇಳುತ್ತಿದ್ದಳು. ಬಾಗಿಲಲ್ಲಿದ್ದ ಹೆಂಗಸಿಗೂ ಕೇಳಿತು, ತಲೆ ತಗ್ಗಿಸಿದಳು.

“ಆಗಲಿವ್ವಾ,” ಎಂದು ಹೇಳಿ, ಪುಸ್ತಕ ಹಿಡಿದುಕೊಂಡು ತಿರುಗಿ ಬಂದೆ.